ಬೆಲೆಯನ್ನು ಮರವೇ ಹೇಳುತ್ತದೆ

ಕೆಲವರಿಗೆ ಸಾಲ ಕೇಳಲು ಬಾಯಿ ಬರುವುದಿಲ್ಲ, ಕೆಲವರಿಗೆ ಕೊಟ್ಟ ಸಾಲ ವಾಪಸು ಕೇಳಲು ಬಾಯಿ ಬರುವುದಿಲ್ಲ. ಈ ಕಥೆಯ ನಾಯಕನಿಗೆ ಬೆಲೆ ಹೇಳಲು ಬಾಯಿ ಬರುತ್ತಿರಲಿಲ್ಲ. ಕುರ್ಚಿ ಮಾಡಿಸಿಕೊಂಡವರು "ಎಷ್ಟಾಯ್ತಪ್ಪಾ?" ಎಂದು ಕೇಳಿದರೆ ಅವನು ಆ ಕುರ್ಚಿಯ ಕಾಲನ್ನೇ ನೋಡುತ್ತಾ "ಆಮೇಲೆ ನೋಡೋಣ ಬಿಡಿ" ಎನ್ನುತ್ತಿದ್ದ. ಗಿರಾಕಿ ಕುರ್ಚಿ ಹೊತ್ತುಕೊಂಡು ಹೋಗುತ್ತಿದ್ದ. ಆಮೇಲೆ ನೋಡಲು ಯಾರೂ ಬರುತ್ತಿರಲಿಲ್ಲ. ಹೀಗಾಗಿ ಬೀದಿಯವರು ಅವನಿಗೆ ಆಮೇಲಪ್ಪ ಎಂದು ಹೆಸರಿಟ್ಟರು. ಹುಟ್ಟಿದಾಗ ಇಟ್ಟ ಹೆಸರು ಹೆಂಡತಿಗೆ ಮಾತ್ರ ನೆನಪಿತ್ತು. ಸಿಟ್ಟು ಬಂದಾಗ ಅವಳೂ ಬೀದಿಯವರ ಪಕ್ಷ ಸೇರುತ್ತಿದ್ದಳು.

ಆಮೇಲಪ್ಪ ಹರೆಯದಲ್ಲಿ ಒಬ್ಬ ಮುದಿ ಮೇಸ್ತ್ರಿಯ ಕೈಕೆಳಗೆ ಗಿಟಾರ್ ಮಾಡುವುದನ್ನು ಕಲಿತಿದ್ದ. ಹೊಟ್ಟೆಪಾಡಿಗೆ ಸ್ವಂತವಾಗಿ ಕುರ್ಚಿ ಮಾಡಿ ಕೈಸುಟ್ಟುಕೊಂಡು, ಮದುವೆಯಾದ ಮೇಲೆ ಹೆಂಡತಿಯ ಅಣ್ಣನ ಸೋಫಾ ಅಂಗಡಿಯಲ್ಲಿ ಬಹಳ ಕಾಲ ದುಡಿದ. ಅಲ್ಲಿ ಅವನಿಗೆ ಸುಖವಿತ್ತು, ಏಕೆಂದರೆ ಬೆಲೆ ಹೇಳುವ ಕೆಲಸ ಭಾವನದು. ಭಾವ ಅದರಲ್ಲಿ ಎಂಥ ಗಟ್ಟಿಗನೆಂದರೆ, ಗಿರಾಕಿ ನಿಂತು ಕೇಳಿದರೆ ಒಂದು ಬೆಲೆ, ಸೋಫಾದ ಮೇಲೆ ಕೂತು ಕೇಳಿದರೆ ಇನ್ನೊಂದು. ಆದರೆ ಕಲಿತ ವಿದ್ಯೆ ಸುಮ್ಮನೆ ಬಿಡುತ್ತದೆಯೇ? ಒಂದು ದಿನ ಆಮೇಲಪ್ಪ ಸೋಫಾಕ್ಕೆ ಕೈಮುಗಿದು, ಮನೆಯ ಮುಂದಿನ ಕೋಣೆಯನ್ನೇ ಕಾರ್ಖಾನೆ ಮಾಡಿಕೊಂಡು ಗಿಟಾರ್ ಕೆಲಸಕ್ಕೆ ಕೂತ. ಭಾವ ಬಂದು ನೋಡಿ, ಅಲ್ಲಿದ್ದ ಒಂದೇ ಸ್ಟೂಲನ್ನು ಎಳೆದುಕೊಂಡು ಕೂತು ಷರತ್ತು ಹಾಕಿದ.

"ನೋಡಯ್ಯಾ, ಒಂದು ವರ್ಷ ಈ ಮನೆ ಬಾಡಿಗೆ ನಾನು ಕಟ್ತೀನಿ, ತಂಗಿ ಮುಖ ನೋಡಿ. ಅಷ್ಟರಲ್ಲಿ ಒಂದು, ಒಂದೇ ಒಂದು ಗಿಟಾರನ್ನ ಮನೆ ನಡೆಯೋ ಬೆಲೆಗೆ ಮಾರಿ ತೋರಿಸು. ಬೆಲೆ ನೀನೇ ಬಾಯಿ ಬಿಟ್ಟು ಹೇಳ್ಬೇಕು. ಆಗ್ಲಿಲ್ವಾ, ಈ ಕೋಣೆಗೆ ಬೀಗ ಹಾಕಿ ವಾಪಸ್ ಬಾ. ಸೋಫಾಗೆ ಕಾಲು ಹಾಕೋರು ಬೇಕು ನಂಗೆ."

"ಆಮೇಲೆ..." ಎಂದ ಆಮೇಲಪ್ಪ.

"ಆಮೇಲೆ ಗೀಮೇಲೆ ಇಲ್ಲ," ಎಂದು ಭಾವ ಎದ್ದು ಹೋದ.

ಮೂರು ತಿಂಗಳ ಮೇಲೆ ಒಬ್ಬ ನಿವೃತ್ತ ಜಡ್ಜ್ ಸಾಹೇಬರು ಬಂದರು. ಎತ್ತರದ ಆಳು, ಮೋಟು ಬೆರಳು, ನಗು ಎಂಬುದು ಮುಖದ ದಾರಿಯನ್ನೇ ಕಂಡಿರಲಿಲ್ಲ. ಬಾಗಿಲಲ್ಲಿ ನಿಂತು ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ಗೋಡೆಗೆ ಒರಗಿದ್ದ ಹಲಗೆಗಳಿಗೂ ತಾವೇನೋ ತಪ್ಪು ಮಾಡಿದೆವೆಂದು ಅನ್ನಿಸಿರಬೇಕು.

"ನನಗೊಂದು ಗಿಟಾರ್ ಬೇಕು. ಪೂರ್ತಿ ಕೈಯಲ್ಲೇ ಮಾಡಿದ್ದು."

"ನುಡಿಸ್ತೀರಾ ಸಾಹೇಬ್ರೇ?"

"ಇನ್ನು ಮೇಲೆ. ಮನೇಲಿ ಕೂತು ದಿನವೆಲ್ಲಾ ತೀರ್ಪು ಕೊಡ್ತೀರಿ, ಕೈಗೊಂದು ಕೆಲಸ ಹುಡುಕಿ ಅಂತ ನನ್ನ ಹೆಂಡತಿ ಆದೇಶ ಮಾಡಿದಾಳೆ. ಮೇಲ್ಮನವಿಗೆ ಅವಕಾಶ ಇಲ್ಲ."

ಆಮೇಲಪ್ಪ ಅವರ ಬೆರಳುಗಳ ಅಳತೆ ತೆಗೆದ. ಗಿಟಾರಿನ ಕುತ್ತಿಗೆಯನ್ನು ಒಂದಿಷ್ಟು ಸಣ್ಣ ಮಾಡಬೇಕೆಂದು ತೀರ್ಮಾನಿಸಿದ. ಬೆನ್ನಿಗೆ, ಪಕ್ಕಕ್ಕೆ ಬೀಟೆ, ಮುಖಕ್ಕೆ ತಣ್ಣನೆ ಸೀಮೆಯಿಂದ ಬಂದ ಬಿಳಿ ಸ್ಪ್ರೂಸ್ ಮರ ಎಂದು ವಿವರಿಸಿದ. ಅಲ್ಲಿಯ ತನಕ ಅವನ ಮಾತು ನೀರು ಹರಿದಂತೆ ಹರಿಯಿತು. ಆಮೇಲೆ ಸಾಹೇಬರು ಆ ಪ್ರಶ್ನೆ ಕೇಳಿದರು.

"ಬೆಲೆ?"

ಆಮೇಲಪ್ಪ ಗಲಿಬಿಲಿಯಲ್ಲಿ ಪಕ್ಕದಲ್ಲಿದ್ದ ಸ್ಪ್ರೂಸ್ ಹಲಗೆಯನ್ನು ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೆ ಹಿಡಿದ. ಇದು ಆ ಕಸುಬಿನವರ ಪದ್ಧತಿ. ಹಲಗೆ ದಪ್ಪವಿದ್ದರೆ ಮಂಕಾಗಿ ಸದ್ದು ಕೊಡುತ್ತದೆ, ಕೀಸುತ್ತ ಕೀಸುತ್ತ ಹದಕ್ಕೆ ಬಂದಾಗ ದನಿ ಬಿಚ್ಚುತ್ತದೆ. ಆ ಗಳಿಗೆಯಲ್ಲಿ ಅವನಿಗೆ ಯಾವ ಹದವೂ ಬೇಕಿರಲಿಲ್ಲ, ಮುಖ ಮರೆಮಾಡಲು ಏನಾದರೊಂದು ಬೇಕಿತ್ತು. ಹಲಗೆಯ ಹಿಂದಿನಿಂದ ಅವನ ಬಾಯಿ ತಾನಾಗಿಯೇ ಹೇಳಿತು:

"ಬೆಲೆಯನ್ನ ನಾನು ಹೇಳೋದಿಲ್ಲ ಸಾಹೇಬ್ರೇ. ಮರವೇ ಹೇಳತ್ತೆ."

ಇಂಥ ಮಾತು ತನ್ನೊಳಗೆ ಎಲ್ಲಿತ್ತು ಎಂದು ಅವನಿಗೇ ಆಶ್ಚರ್ಯವಾಯಿತು. ಕೇಳಲು ಚೆನ್ನಾಗಿಯೇ ಇತ್ತು. ಬೇರೆ ಯಾವ ಗಿರಾಕಿಯಾದರೂ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಜಡ್ಜ್ ಸಾಹೇಬರು ಆಯುಷ್ಯದಲ್ಲಿ ಯಾರ ಮಾತನ್ನೂ ಅಲಂಕಾರವೆಂದು ತೆಗೆದುಕೊಂಡವರಲ್ಲ.

"ಯಾವಾಗ ಹೇಳತ್ತೆ?"

"ತಂತಿ ಕಟ್ಟಿದ ದಿನ."

"ಯಾರ ಎದುರಿಗೆ?"

"ಯಾರ ಎದುರಿಗಾದ್ರೂ..." ಎಂದು ಆಮೇಲಪ್ಪ ಇನ್ನೂ ಆಳಕ್ಕೆ ಇಳಿದ.

"ಸರಿ. ಹೇಳಿಕೆ ಬಹಿರಂಗವಾಗೇ ಆಗಲಿ. ತಂತಿ ಕಟ್ಟೋ ದಿನ ಸಾಕ್ಷಿಗಳ ಜೊತೆ ಬರ್ತೀನಿ." ಮರದ ಖರ್ಚಿಗೆಂದು ಒಂದಿಷ್ಟು ಮುಂಗಡ ಮೇಜಿನ ಮೇಲಿಟ್ಟು ಹೊರಟುಹೋದರು.

ಒಳಗಿನಿಂದ ಎಲ್ಲ ಕೇಳಿಸಿಕೊಂಡ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು.

"ಅಲ್ಲಾ ರೀ, ನೀವೇ ಹೇಳದ ಬೆಲೇನ ಆ ಹಲಗೆ ಹೇಳತ್ತಾ? ಅದಕ್ಕೆ ಬಾಯಿ ಎಲ್ಲಿದೆ?"

"ಆಮೇಲೆ ನೋಡೋಣ ಕಣೇ."

ಅವಳು ಸೌಟನ್ನು ಕೆಳಗಿಳಿಸಿದಳು. ಗಂಡ ಸೋಫಾ ಅಂಗಡಿಯಿಂದ ಸಂಜೆ ಹೇಗೆ ಮನೆಗೆ ಬರುತ್ತಿದ್ದ, ಈಗ ಈ ಕೋಣೆಯಲ್ಲಿ ಹೇಗೆ ಕೂತಿರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಈ ಕೋಣೆಗೆ ಬೀಗ ಬೀಳುವುದು ಅವಳಿಗೂ ಬೇಡವಾಗಿತ್ತು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಎದುರುಮನೆಯ ಟೈಲರಮ್ಮನ ಹೊಲಿಗೆ ಮೆಷೀನು ಸರಿಯಾಗಿ ಆಮೇಲಪ್ಪನ ಕಿಟಕಿಗೆ ಎದುರಾಗಿತ್ತು. ಗಾಳಿಯ ತೇವ ಏರುಪೇರಾದರೆ ಗಿಟಾರಿನ ಮರ ಕೆಡುತ್ತದೆಂದು ಅವನು ಕಿಟಕಿಯನ್ನು ಸದಾ ಮುಚ್ಚಿರುತ್ತಿದ್ದ. ಗಾಜಿನ ಆಚೆಗೆ ಟೈಲರಮ್ಮನಿಗೆ ಸದ್ದು ಕೇಳಿಸುತ್ತಿರಲಿಲ್ಲ, ದೃಶ್ಯ ಮಾತ್ರ ಕಾಣುತ್ತಿತ್ತು. ಒಬ್ಬ ಗಂಡಸು ಬೆಳಗಿನಿಂದ ಸಂಜೆಯ ತನಕ ಹಲಗೆ ತಟ್ಟುತ್ತಾನೆ, ಕಿವಿಗೆ ಹಿಡಿಯುತ್ತಾನೆ, ತಲೆಯಾಡಿಸುತ್ತಾನೆ, ಒಂದು ಎಳೆ ಕೀಸುತ್ತಾನೆ, ಮತ್ತೆ ಕೇಳುತ್ತಾನೆ. ಜಡ್ಜ್ ಸಾಹೇಬರ ಕರಾರಿನ ಸುದ್ದಿಯೂ ಅಷ್ಟರಲ್ಲಿ ಬೀದಿಗೆ ಬಂದಿತ್ತು. ಅವಳು ಎರಡನ್ನೂ ಸೇರಿಸಿ ಹೊಲಿದಳು.

ಒಂದು ಬೆಳಿಗ್ಗೆ ತನ್ನ ಹಳೆಯ ಮರದ ಪೆಟ್ಟಿಗೆಯನ್ನು ಎಳೆದು ತಂದು ಬಾಗಿಲಲ್ಲಿ ಇಟ್ಟಳು.

"ಇದನ್ನೊಂದು ಮಾತು ಕೇಳಿ ಹೇಳಪ್ಪಾ. ಮಾರ್ಬೇಕು ಅಂತಿದೀನಿ. ಏನನ್ನತ್ತೆ?"

"ಅಯ್ಯೋ ಅಕ್ಕಾ, ಹಾಗೆಲ್ಲಾ ಏನಿಲ್ಲ..." ಎನ್ನುತ್ತಲೇ ಆಮೇಲಪ್ಪ ಮರ್ಯಾದೆಗೆಂದು ಪೆಟ್ಟಿಗೆಯನ್ನು ತಟ್ಟಿದ. ಪೊಳ್ಳು ಸದ್ದು ಬಂತು. "ತಳ ಹುಳ ತಿಂದಿದೆ ಅಕ್ಕಾ. ಜಾಸ್ತಿ ದಿನ ಬಾಳಲ್ಲ."

ಟೈಲರಮ್ಮ ಆ ದಿನವೇ ಪೆಟ್ಟಿಗೆಯನ್ನು ಮನೆ ದಲ್ಲಾಳಿಗೆ ಒಳ್ಳೆಯ ಬೆಲೆಗೆ ಮಾರಿದಳು. ವಾರ ತುಂಬುವುದರೊಳಗೆ ತಳ ಕಳಚಿ ದಲ್ಲಾಳಿಯ ಕಾಗದಪತ್ರವೆಲ್ಲ ನೆಲದ ಪಾಲಾಯಿತು. ಬೇರೆ ಯಾರಾದರೂ ಟೈಲರಮ್ಮನ ಜೊತೆ ಜಗಳಕ್ಕೆ ಹೋಗುತ್ತಿದ್ದರು. ದಲ್ಲಾಳಿ ವ್ಯವಹಾರಸ್ಥ. ಪೆಟ್ಟಿಗೆಯ ಭವಿಷ್ಯ ಮೊದಲೇ ಗೊತ್ತಿದ್ದ ಮನುಷ್ಯನ ಬಳಿಗೆ ನೇರವಾಗಿ ಬಂದ.

"ಸ್ವಾಮೀ, ನಾನು ತೋರಿಸೋ ಮನೆಗಳ ಬಾಗಿಲು ತಟ್ಟಿ ಒಂದೊಂದು ಮಾತು ಹೇಳಿಬಿಡಿ ಸಾಕು. ಗಿರಾಕಿ ಎದುರಿಗೆ ಒಳ್ಳೇದನ್ನೇ ಹೇಳಿ. ನಿಜಾನ ನನ್ನ ಕಿವೀಲಿ ಹೇಳಿ."

"ನನಗೆ ಬಾಗಿಲ ಭಾಷೆ ಬರಲ್ಲ," ಎಂದ ಆಮೇಲಪ್ಪ, ತಪ್ಪಿಸಿಕೊಳ್ಳಲು. ಮರದಲ್ಲೂ ಬೇರೆ ಬೇರೆ ಭಾಷೆಗಳಿವೆ ಎಂಬ ಸುದ್ದಿಯೊಂದಿಗೆ ದಲ್ಲಾಳಿ ಭಕ್ತಿಯಿಂದ ಹಿಂತಿರುಗಿದ.

ಅಲ್ಲಿಂದ ಮುಂದೆ ಬೀದಿಯಲ್ಲಿ ಮೌನ ವ್ರತದ ಕಳೆ ಬಂತು. ಆಮೇಲಪ್ಪ ರಸ್ತೆಗೆ ಬಂದರೆ ಜನ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು, ಅವನ ಮೇಲಿನ ಗೌರವದಿಂದಲ್ಲ, ಕುರ್ಚಿ ಏನಾದರೂ ಬಾಯಿಬಿಟ್ಟೀತೆಂಬ ಭಯದಿಂದ. ಮಂಚದ ಮೇಲೆ ಜಗಳವಾಡುವುದನ್ನು ಎರಡು ಮೂರು ಸಂಸಾರಗಳು ನಿಲ್ಲಿಸಿದವು.

ಇಷ್ಟಾದ ಮೇಲೆ ಸರ್ಕಾರ ಸುಮ್ಮನಿರುವುದು ಹೇಗೆ? ಪುರಸಭೆಯ ಲೈಸೆನ್ಸ್ ಅಧಿಕಾರಿ ಬಂದರು. ಅವರು ಬಂದ ಗಳಿಗೆ ಕೆಟ್ಟದ್ದು. ಗಿಟಾರಿನ ಮುಖದ ಹಲಗೆಯ ಒಳಮೈಗೆ ತೆಳ್ಳನೆಯ ಆಸರೆ ಪಟ್ಟಿಗಳನ್ನು ಅಂಟಿಸಬೇಕು, ತಂತಿಯ ಎಳೆತವನ್ನು ಮುಖ ತಡೆದುಕೊಳ್ಳುವುದು ಅವುಗಳ ಬಲದಿಂದ. ಅಂಟಿಸುವುದು ಕಾಯಿಸಿದ ಮರವಜ್ರದ ಅಂಟಿನಿಂದ. ಅದು ಬಿಸಿಯಿರುವಾಗಲೇ ಪಟ್ಟಿ ಕೂರಬೇಕು, ಆರಿದರೆ ಹಿಡಿತವಿಲ್ಲ. ಆಮೇಲಪ್ಪ ಒಂದು ಪಟ್ಟಿಗೆ ಅಂಟು ಸವರಿ ಕೈಯಲ್ಲಿ ಹಿಡಿದಿದ್ದಾಗಲೇ ಅಧಿಕಾರಿ ಒಳಗೆ ಕಾಲಿಟ್ಟರು.

"ನಿಮಗಿರೋದು ಮರಗೆಲಸದ ಲೈಸೆನ್ಸು. ಮರದ ಜೊತೆ ಮಾತಾಡೋದಕ್ಕೆ ಅನುಮತಿ ತಗೊಂಡಿದೀರಾ?"

"ನಾನು ಮಾತಾಡಲ್ಲ ಸ್ವಾಮೀ."

"ಹಾಗಾದ್ರೆ ಅದು ಮಾತಾಡತ್ತೆ. ಅಂದ್ರೆ ಸಲಹೆ ಕೊಡೋ ವ್ಯಾಪಾರ. ಅದರ ಶುಲ್ಕ ಬೇರೆ. ಸಲಹೆ ಕೊಡೋರು ಯಾರು, ನೀವಾ ಮರಾನಾ? ಮರ ಆದ್ರೆ ಅದರ ವಯಸ್ಸೆಷ್ಟು?"

"ಇನ್ನೂರು ವರ್ಷದ್ದು ಇರಬಹುದು."

"ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆ," ಎಂದು ಅಧಿಕಾರಿ ಗಂಭೀರವಾಗಿ ಯೋಚಿಸಿದರು. ಕೊನೆಗೆ, ತಂತಿ ಕಟ್ಟುವ ದಿನ ತಾವೂ ಬಂದು ಕಣ್ಣಾರೆ ನೋಡಿದ ಹೊರತು ಯಾವ ವರ್ಗಕ್ಕೆ ಸೇರಿಸಬೇಕೆಂದು ನಿರ್ಧರಿಸಲಾಗದು ಎಂದು ಹೇಳಿ ಹೋದರು. ಅಷ್ಟರಲ್ಲಿ ಅಂಟು ಆರಿ ಪಟ್ಟಿಯ ಮೇಲೆ ಕೆನೆಗಟ್ಟಿತ್ತು. ಕೆರೆದು ತೆಗೆದು, ಮತ್ತೆ ಕಾಯಿಸಿ, ಹೊಸದಾಗಿ ಸವರಬೇಕಿತ್ತು. ಆಮೇಲಪ್ಪನ ತಲೆ ಕೆಟ್ಟು ಗೊಬ್ಬರವಾಗಿತ್ತು. ಹಾಗೆಯೇ ಒತ್ತಿ ಬಿಗಿದುಬಿಟ್ಟ. ಮಾಡಿದ್ದು ತಪ್ಪೆಂದು ಕೈಗೆ ಗೊತ್ತಾಯಿತು. ಆಮೇಲೆ ನೋಡೋಣ ಎಂದುಕೊಂಡ. ಮಾರನೆಯ ದಿನ ಗಿಟಾರಿನ ಹೊಟ್ಟೆ ಮುಚ್ಚಿತು.

ಪಕ್ಕಗಳನ್ನು ಕಾದ ಕೊಳವೆಯ ಮೇಲೆ ಬಗ್ಗಿಸಿದ್ದಾಗಿತ್ತು, ಬೆನ್ನು ಕೂಡಿಸಿದ್ದಾಗಿತ್ತು. ಅರಗಿನ ಮೆರುಗನ್ನು ಹತ್ತಿಯ ಉಂಡೆಯಿಂದ ದಿನವೂ ತಿಕ್ಕಿ ತಿಕ್ಕಿ ಏರಿಸಿದ. ಎಂಟು ತಿಂಗಳು ಹೋಯಿತು. ಗಿಟಾರ್ ಹೊಳೆಯಿತು, ಮನೆಯ ಡಬ್ಬಿಗಳು ಬರಿದಾದವು. ಹೆಂಡತಿ ಒಂದು ಮಧ್ಯಾಹ್ನ ಗಂಡನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಮರ, ಅಂಟು, ಬೆಳಕು, ಊಟ, ಎಂಟು ತಿಂಗಳ ಕೂಲಿ ಎಲ್ಲವನ್ನೂ ಬೆರಳು ಮಡಚಿ ಲೆಕ್ಕ ಹಾಕಿದಳು. ಒಂದು ಲಕ್ಷದ ನಲವತ್ತು ಸಾವಿರಕ್ಕೆ ಬಂದು ನಿಂತಿತು.

"ಮರ ಗಿರ ಬಿಟ್ಟಾಕಿ. ನೀವೇ ಹೇಳ್ಬೇಕು, ಅಣ್ಣನ ಮಾತೂ ಅದೇ ಅಲ್ವಾ? ಈಗ ನಾನೇ ಜಡ್ಜು ಅಂದ್ಕೊಳಿ." ಅವಳು ಮಣೆಯ ಮೇಲೆ ನೆಟ್ಟಗೆ ಕೂತು ಮುಖ ಗಂಟು ಹಾಕಿದಳು. "ಎಷ್ಟಪ್ಪಾ ಬೆಲೆ?"

"ನಿಮಗೆ ಎಷ್ಟು ತೋಚತ್ತೋ..."

"ಥೂ! ಇನ್ನೊಂದ್ಸಲ. ಎಷ್ಟು?"

"ಒಂದು... ಒಂದು ಲೋಟ ನೀರು ಕೊಡ್ತೀಯಾ?"

ಹೆಂಡತಿ ತಲೆಯ ಮೇಲೆ ಕೈಹೊತ್ತು ಕೂತಳು. ಆಮೇಲಪ್ಪನಿಗೆ ನಿಜಕ್ಕೂ ದುಃಖವಾಯಿತು. ಅದು ಸುಳ್ಳು ಬೆಲೆಯಲ್ಲ, ಒಂದು ಪೈಸೆಯೂ ಹೆಚ್ಚಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ತನ್ನ ಕೆಲಸಕ್ಕೆ ತಾನೇ ಬೆಲೆ ಹೇಳುವುದೆಂದರೆ ನಡುಬೀದಿಯಲ್ಲಿ ಅಂಗಿ ಬಿಚ್ಚಿ ನಿಂತಷ್ಟು ನಾಚಿಕೆ ಅವನಿಗೆ. ಅಷ್ಟೇ ಅವನ ಕಾಯಿಲೆ, ಅದಕ್ಕೆ ಮದ್ದಿರಲಿಲ್ಲ.

ತಂತಿ ಕಟ್ಟುವ ದಿನ ಬೆಳಿಗ್ಗೆಯಿಂದ ಮಳೆ ಹಿಡಿಯಿತು. ಜಡ್ಜ್ ಸಾಹೇಬರು ಇಬ್ಬರು ನಿವೃತ್ತ ಗೆಳೆಯರನ್ನು ಸಾಕ್ಷಿಗೆ ಕರೆತಂದರು. ಲೈಸೆನ್ಸ್ ಅಧಿಕಾರಿ ಬಂದರು, ದಲ್ಲಾಳಿ ಬಂದ, ಟೈಲರಮ್ಮ ಗಂಡನನ್ನೂ ಎಳೆದುಕೊಂಡು ಬಂದಳು. ಬೀದಿಗೆ ಬೀದಿಯೇ ನೀರು ಸುರಿಯುವ ಛತ್ರಿಗಳೊಂದಿಗೆ ಮುಂದಿನ ಕೋಣೆಗೆ ನುಗ್ಗಿತು. "ಛತ್ರಿ ಹೊರಗಿಡಿ, ತೇವ ಆಗತ್ತೆ" ಎಂದು ಆಮೇಲಪ್ಪ ಗೋಗರೆದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಎಲ್ಲರೂ ಕಿವಿಯನ್ನು ಮರಕ್ಕಾಗಿ ಕಾದಿರಿಸಿದ್ದರು. ಭಾವ ಎಲ್ಲರಿಗಿಂತ ಕೊನೆಗೆ ಬಂದು ಒದ್ದೆ ಕೋಟಿನಲ್ಲೇ ಸ್ಟೂಲನ್ನು ಹಿಡಿದು ಕೂತ.

"ವರ್ಷ ತುಂಬೋಕೆ ಬಂತು," ಎಂದ ಅವನು, ಮೈದುನನ ಕಡೆ ಅಲ್ಲ, ತಂಗಿಯ ಕಡೆ ನೋಡಿ. "ಸೋಮವಾರದಿಂದ ಅಂಗಡಿಗೆ ಬರ್ಲಿ. ಏಪ್ರನ್ ತೆಗೆದಿಟ್ಟಿದೀನಿ."

ಹೆಂಡತಿ ಬಂದವರಿಗೆಲ್ಲ ಚಹಾ ಕಾಯಿಸಿದಳು. ಮುಚ್ಚಿದ ಕೋಣೆಯಲ್ಲಿ ಚಹಾದ ಹಬೆ, ಛತ್ರಿಯ ನೀರು, ಅಷ್ಟೂ ಜನರ ಉಸಿರು ಸೇರಿ ಕಿಟಕಿಯ ಗಾಜು ಬೆವರಿತು. ಆಮೇಲಪ್ಪ ತಂತಿಗಳನ್ನು ಒಂದೊಂದಾಗಿ ಬಿಗಿದ. ಕೊನೆಯದನ್ನು ಶ್ರುತಿಗೆ ತಂದು, ಗಿಟಾರನ್ನು ಮೇಜಿನ ಮೇಲೆ ಬಟ್ಟೆ ಹಾಸಿ ಮಲಗಿಸಿ ಹಿಂದೆ ಸರಿದ.

"ಈಗ ಹೇಳಲಿ," ಎಂದರು ಜಡ್ಜ್ ಸಾಹೇಬರು. ಅವರ ಗೆಳೆಯರಿಬ್ಬರೂ ಕನ್ನಡಕ ಸರಿಪಡಿಸಿಕೊಂಡರು.

ಕೋಣೆ ನಿಶ್ಶಬ್ದವಾಯಿತು. ಟೈಲರಮ್ಮನ ಗಂಡನಿಗೆ ಸೀನು ಬಂತು, ಅವಳು ಅವನ ಮೂಗು ಹಿಡಿದಳು. ಆಮೇಲಪ್ಪ ಒಳಗೊಳಗೇ ಒಂದು ಲಕ್ಷದ, ಒಂದು ಲಕ್ಷದ ಎಂದು ಬಾಯಿಪಾಠ ಮಾಡುತ್ತಿದ್ದ. ಹೇಳಲೇಬೇಕೆಂದು ತುಟಿ ತೆರೆದ. ಅದೇ ಕ್ಷಣಕ್ಕೆ ಗಿಟಾರಿನ ಹೊಟ್ಟೆಯೊಳಗಿನಿಂದ ಸ್ಪಷ್ಟವಾಗಿ ಒಂದು ಸದ್ದು ಬಂತು.

ಟಕ್.

"ಒಂದು!" ಎಂದು ದಲ್ಲಾಳಿ ಜಿಗಿದ. "ಒಂದು ಅಂದ್ರೆ ಒಂದು ಲಕ್ಷ!"

"ಒಂದು ಸಾವಿರ," ಎಂದ ಭಾವ, ಸ್ಟೂಲಿನಿಂದ ಅಲುಗದೆ.

"ಯಾವ ಘಟಕದಲ್ಲಿ ಅನ್ನೋದನ್ನ ಮರ ಸ್ಪಷ್ಟಪಡಿಸಬೇಕು," ಎಂದರು ಅಧಿಕಾರಿ.

"ಏನ್ ಖಡಕ್ಕಾಗಿ ಹೇಳ್ತು ನೋಡು!" ಎಂದು ಟೈಲರಮ್ಮ ಕೈಮುಗಿದಳು. ಮೂಗು ಬಿಡುಗಡೆಯಾದ ಗಂಡ ಸೀನಿದ.

ಜಡ್ಜ್ ಸಾಹೇಬರು ಕೈಯೆತ್ತಿದರು. ಸದ್ದಡಗಿತು. "ಹೇಳಿಕೆ ಚಿಕ್ಕದು, ಆದರೆ ಎಲ್ಲರೂ ಕೇಳಿದೀರಿ. ಸಾವಿರವೋ ಲಕ್ಷವೋ ಅನ್ನೋದರಲ್ಲಿ ಸಂಶಯ ಇದೆ. ಸಂಶಯದ ಲಾಭ ಮರಕ್ಕೇ ಸಲ್ಲಬೇಕು. ಒಂದು ಲಕ್ಷ." ಕೋಟಿನ ಒಳಜೇಬಿನಿಂದ ದಪ್ಪ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು.

ಹೆಂಡತಿಯ ಕಣ್ಣು ಅರಳಿತು. ನಲವತ್ತು ಸಾವಿರ ಕಡಿಮೆಯೇ, ಆದರೂ ಲಕ್ಷವೆಂದರೆ ಲಕ್ಷ. ಭಾವನ ಮುಖ ಬಿಳಿಚಿತು. ಇಷ್ಟು ವರ್ಷ ಸೋಫಾ ಮಾರಿದ ತಾನು ಒಂದು ಟಕ್ಕಿಗೆ ಲಕ್ಷ ಹುಟ್ಟುವುದನ್ನು ಕಂಡಿರಲಿಲ್ಲವಲ್ಲ. ಬೆಲೆ ಹೇಳಿದ್ದು ಯಾರ ಬಾಯಿ ಎಂದು ಕೇಳುವುದೂ ಅವನಿಗೆ ಮರೆಯಿತು, ಕೋಣೆ ಉಳಿದಂತೆಯೇ. ಆಮೇಲಪ್ಪ ಮಾಡಬೇಕಾಗಿದ್ದುದು ಸುಮ್ಮನಿರುವುದೊಂದೇ, ಆ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ.

ಆದರೆ ಆ ಸದ್ದು ಏನೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ. ಅಧಿಕಾರಿ ಬಂದ ದಿನ ಆರಿದ ಅಂಟಿನಲ್ಲಿ ಕೂರಿಸಿದ ಪಟ್ಟಿ ಅದು, ತೇವಕ್ಕೂ ತಂತಿಯ ಎಳೆತಕ್ಕೂ ಸೋತು ಬಿಟ್ಟುಕೊಂಡಿತ್ತು. ಜಡ್ಜ್ ಸಾಹೇಬರು ಮೋಟು ಬೆರಳುಗಳನ್ನು ಚಾಚಿ, ಹಸುಗೂಸನ್ನು ಎತ್ತಲು ಬಾರದ ಗಂಡಸಿನ ಹಾಗೆ ಗಿಟಾರನ್ನು ಎತ್ತಲು ಹೋದರು.

"ಮುಟ್ಟಬೇಡಿ!" ಎಂದ ಆಮೇಲಪ್ಪ.

ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಹೆಂಡತಿಯೂ ಕೇಳಿರಲಿಲ್ಲ.

"ಅದು ಬೆಲೆ ಅಲ್ಲ ಸಾಹೇಬ್ರೇ. ಒಳಗೆ ಒಂದು ಪಟ್ಟಿ ಬಿಟ್ಕೊಂಡಿದೆ. ಅಂಟು ಆರಿತ್ತು, ಗೊತ್ತಿದ್ದೂ ಹಾಗೇ ಅಂಟಿಸಿದೆ. ತಪ್ಪು ನಂದೇ."

ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು.

"ನೀವು ಹೇಳದೇ ಇದ್ದಿದ್ರೆ ನನಗೆ ತಿಳೀತಿತ್ತಾ?" ಎಂದು ಜಡ್ಜ್ ಸಾಹೇಬರು ಕೇಳಿದರು.

"ಈಗ ತಿಳೀತಿರ್ಲಿಲ್ಲ. ಮುಂದಿನ ವರ್ಷ ಮುಖ ಉಬ್ತಿತ್ತು, ದನಿ ಸಾಯ್ತಿತ್ತು."

"ಹಾಗಾದ್ರೆ ಮರ ಬೆಲೆ ಹೇಳತ್ತೆ ಅಂದಿದ್ದು?"

"ಮರ ಬೆಲೆ ಹೇಳಲ್ಲ ಸಾಹೇಬ್ರೇ. ನನಗೆ ಹೇಳೋಕೆ ನಾಚಿಕೆ. ಮರದ ತಲೆಗೆ ಕಟ್ಟಿದೆ."

"ಹಾಗಾದ್ರೆ ನಮ್ಮ ಪೆಟ್ಟಿಗೆ?" ಎಂದಳು ಟೈಲರಮ್ಮ ಗಾಬರಿಯಿಂದ. ದಲ್ಲಾಳಿ ಮೊದಲ ಬಾರಿಗೆ ಅವಳ ಕಡೆ ತಿರುಗಿ ನೋಡಿದ.

ಆಮೇಲಪ್ಪನಿಗೆ ಅವರಾರೂ ಕಾಣುತ್ತಿರಲಿಲ್ಲ. ತುಂಬಿದ ಮಂದಿಯ ನಡುವೆ ತನ್ನ ತಪ್ಪನ್ನು ತಾನೇ ಹೇಳಿಕೊಂಡು ನಿಂತಿದ್ದ. ಇನ್ನು ನಾಚಿಕೊಳ್ಳಲು ಅವನ ಬಳಿ ಏನೂ ಉಳಿದಿರಲಿಲ್ಲ. ಲಕೋಟೆಯನ್ನು ಎತ್ತಿ ಸಾಹೇಬರ ಕೈಗೆ ವಾಪಸು ಕೊಟ್ಟ.

"ಬೆನ್ನು ಬಿಚ್ಚಿ ಪಟ್ಟಿ ಮತ್ತೆ ಕೂರಿಸ್ತೀನಿ. ಮೂರು ವಾರ ಬೇಕು. ಅದರ ಖರ್ಚು ನಂದು. ಗಿಟಾರಿನ ಬೆಲೆ ಒಂದು ಲಕ್ಷದ ನಲವತ್ತು ಸಾವಿರ."

"ಒಡೆದ ಮೇಲೆ ನಲವತ್ತು ಜಾಸ್ತೀನಾ?" ಎಂದು ಭಾವ ಸ್ಟೂಲಿನಿಂದ ಎದ್ದುಬಿಟ್ಟ. ಅಂಥ ವ್ಯಾಪಾರ ಅವನ ಕನಸಿನಲ್ಲೂ ಬಂದಿರಲಿಲ್ಲ.

ಸಾಹೇಬರೂ ಅದನ್ನೇ ಕೇಳಿದರು, ಮೆಲ್ಲಗೆ. "ಮರ ಲಕ್ಷಕ್ಕೇ ಒಪ್ಪಿತ್ತಲ್ಲ?"

"ಎಂಟು ತಿಂಗಳು ಈ ಮನೇಲಿ ಒಲೆ ಹೇಗೆ ಉರೀತು ಅಂತ ಮರಕ್ಕೇನು ಗೊತ್ತು ಸಾಹೇಬ್ರೇ? ನನಗೆ ಗೊತ್ತು. ನನ್ನ ಹೆಂಡ್ತಿಗೆ ಗೊತ್ತು. ಒಂದು ಪೈಸೆ ಕಮ್ಮಿ ಇಲ್ಲ."

ಜಡ್ಜ್ ಸಾಹೇಬರು ಲಕೋಟೆಯನ್ನು ಒಳಜೇಬಿಗೆ ಇಳಿಸಿದರು. ಗೆಳೆಯರ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. ಅವರ ತುಟಿಯ ಒಂದು ಮೂಲೆ ಸ್ವಲ್ಪ ಸರಿಯಿತು. ಅದು ನಗುವೋ ಅಲ್ಲವೋ ಎಂದು ಮುಂದೆ ಬಹಳ ದಿನ ಬೀದಿಯಲ್ಲಿ ವಾದ ನಡೆಯಿತು.

"ಬೆಲೆ ಒಪ್ಪಿದೆ. ಮೂರು ವಾರ ಬಿಟ್ಟು ಬರ್ತೀನಿ. ಒಬ್ಬನೇ ಬರ್ತೀನಿ," ಎಂದು ಹೇಳಿ ಛತ್ರಿ ಬಿಚ್ಚಿಕೊಂಡು ಮಳೆಗೆ ಇಳಿದರು. ಅಧಿಕಾರಿ, ಇದು ಸಾದಾ ಮರಗೆಲಸವೇ ಎಂದು ನಿರಾಶೆಯಿಂದ ಘೋಷಿಸಿ ಹಿಂಬಾಲಿಸಿದರು. ದಲ್ಲಾಳಿಯೂ ಟೈಲರಮ್ಮನೂ ಪೆಟ್ಟಿಗೆಯ ವಿಷಯಕ್ಕೆ ಜೋರು ಜೋರಾಗಿ ಮಾತಾಡುತ್ತ ಹೋದರು. ಜನ ಕರಗಿತು. ಭಾವ ಮಾತ್ರ ಬಾಗಿಲಲ್ಲಿ ನಿಂತ.

"ಸೋಮವಾರ..." ಎಂದು ಶುರುಮಾಡಿದ.

"ಬರಲ್ಲ ಭಾವ," ಎಂದ ಆಮೇಲಪ್ಪ.

ಭಾವ ತಂಗಿಯ ಮುಖ ನೋಡಿ, ಒದ್ದೆ ಕೋಟಿನ ಗುಂಡಿ ಹಾಕಿಕೊಂಡು ಹೊರಟ.

ಹೆಂಡತಿ ಕಿಟಕಿಯ ಗಾಜನ್ನು ಒರೆಸಿದಳು, ಚಹಾ ಲೋಟಗಳನ್ನು ಜೋಡಿಸಿದಳು, ಮತ್ತೆ ಕೆಳಗಿಟ್ಟಳು.

"ರೀ, ಇನ್ನೊಂದ್ಸಲ ಹೇಳಿ."

"ಏನನ್ನ?"

"ಆ ಬೆಲೇನ."

"ಒಂದು ಲಕ್ಷದ ನಲವತ್ತು ಸಾವಿರ," ಎಂದ ಅವನು, ಗಿಟಾರಿನ ಬಾಯಿಯೊಳಗೆ ಬೆರಳು ಇಳಿಸಿ ಬಿಟ್ಟ ಪಟ್ಟಿಯನ್ನು ತಡವುತ್ತಾ.

ಅವಳು ಕಣ್ಣೊರೆಸಿಕೊಂಡಳು. ಬೆರಳು ಮಡಚಿ ಮತ್ತೊಮ್ಮೆ ಲೆಕ್ಕ ಹಾಕಿದಳು.

"ಇಷ್ಟು ಸಲೀಸಾಗಿ ಬರತ್ತೆ ಅಂತ ಗೊತ್ತಿದ್ರೆ ಇನ್ನೊಂದು ಹತ್ತು ಸಾವಿರ ಸೇರಿಸಿ ಕಲಿಸ್ತಿದ್ದೆ," ಎಂದಳು.